ಹಳೇ ಹಾಲಿವುಡ್‌ನ ಅಳುಮುಂಜಿ ಪ್ರೇಮಕಥೆಗಳು ಇನ್ನೂ ಯಾಕ್ ಹಿಡಿದು ಕೂರಿಸ್ತವೆ?

ಕಪ್ಪುಬಿಳುಪು:
ಮೊನ್ನೆ ‘ನೌ, ವಾಯೇಜರ್’ ಮತ್ತೆ ಹಾಕ್ಕೊಂಡೆ. 1942ರ ಪಿಕ್ಚರು, ಬೆಟ್ಟೀ ಡೇವಿಸ್‌ದು. ಕಥೆ ಹೇಳಿದ್ರೆ ಇವತ್ತಿನ ಹುಡುಗ್ರು ಇಷ್ಟೇನಾ ಅಂತಾರೆ. ಬಾಸ್ಟನ್‌ನ ದೊಡ್ಡ ಮನೆತನ, ಅಮ್ಮನ ಮುಷ್ಟಿಯಲ್ಲಿ ಬಾಡಿಹೋಗಿರೋ ಮದುವೆಯಾಗದ ಮಗಳು ಶಾರ್ಲಟ್, ಒಬ್ಬ ಡಾಕ್ಟ್ರು ಬಂದು ಅವಳನ್ನ ಆ ಮನೆಯಿಂದ ಆಚೆ ತರ್ತಾನೆ, ಹಡಗಿನಲ್ಲಿ ಟೂರ್ ಹೋಗ್ತಾಳೆ, ಅಲ್ಲಿ ಮದುವೆ ಆಗಿರೋನ ಜೊತೆ ಪ್ರೀತಿ ಆಗತ್ತೆ. ಕೊನೇಗೆ ಇಬ್ರೂ ಸೇರಲ್ಲ, ಅವನ ಮಗಳನ್ನ ಇವಳು ನೋಡ್ಕೋತಾಳೆ. ಮುಗೀತು.

ಆದ್ರೆ ಅದನ್ನ ತೋರಿಸಿರೋ ರೀತಿ ನೋಡಿ. ಮೊದಲು ಶಾರ್ಲಟ್ ಮುಖಾನೇ ತೋರ್ಸಲ್ಲ. ದಂತದ ಡಬ್ಬಿ ಕೆತ್ತೋ ಕೈ, ಕದ್ದು ಸೇದಿದ ಸಿಗರೇಟನ್ನ ಬಚ್ಚಿಡೋ ಕೈ, ಆಮೇಲೆ ಮೆಟ್ಲು ಇಳಿಯೋ ದಪ್ಪ ಬೂಟು, ಅದೂ ಕೆಳಗೆ ಅಮ್ಮನ ದನಿ ಕೇಳಿ ಅರ್ಧಕ್ಕೇ ನಿಲ್ಲತ್ತೆ. ಸ್ವಲ್ಪ ಹೊತ್ತಾದ್ಮೇಲೆ ಹಡಗಿನ ಸೀನಲ್ಲಿ ಮತ್ತೆ ಕಾಲಿಂದಾನೇ ಶುರು, ಈ ಸಲ ಚಂದದ ಹೀಲ್ಸ್, ಸೂಟು, ಮುಖ ಅರ್ಧ ಮುಚ್ಚಿರೋ ದೊಡ್ಡ ಹ್ಯಾಟು. ಆಹಾ ಹುಡುಗಿ ಬದಲಾಗ್ಬಿಟ್ಳು ಅನ್ಕೋತೀವಿ. ಆದ್ರೆ ಬಟ್ಟೆ ಅವಳದಲ್ಲ, ಬೇರೆಯವ್ರಿಂದ ಇಸ್ಕೊಂಡಿದ್ದು, ಇದನ್ನ ಯಾವಾಗ ಹಾಕ್ಕೋಬೇಕು ಅಂತ ಚೀಟಿ ಬೇರೆ ಪಿನ್ ಮಾಡಿ ಕಳ್ಸಿರ್ತಾರೆ. ಆ ಚೀಟಿ ಬಿಚ್ಚದೇ ಅವನ ಎದುರಿಗೇ ಬಂದು ನಿಲ್ತಾಳೆ. ಈ ಒಂದು ಚೀಟಿ ಸಾಕು ನಂಗೆ, ಆ ಹೆಂಗಸಿನ ಇಡೀ ಜನ್ಮ ಅದ್ರಲ್ಲಿದೆ.

ಆಗಿನ ಪತ್ರಿಕೆಯವ್ರು ಇವನ್ನ ಹೆಂಗಸರ ಅಳು ಪಿಕ್ಚರ್ ಅಂತ ಪಕ್ಕಕ್ಕೆ ತಳ್ತಿದ್ರು, ಕರ್ಚೀಫ್ ಲೆಕ್ಕ ಹಾಕಿ ನಗ್ತಿದ್ರು. ಯುದ್ಧದ ಪಿಕ್ಚರ್, ಕೌಬಾಯ್ ಪಿಕ್ಚರ್ ಮಾತ್ರ ಸೀರಿಯಸ್. ಎಂಬತ್ತು ವರ್ಷ ದಾಟಿದ್ಮೇಲೂ ನಾವು ಕೂತು ನೋಡ್ತಿರೋದು ಯಾವ್ದನ್ನ ಅಂತ ಕೇಳ್ಬೇಕು ಅವ್ರನ್ನ. ನಿಮ್ಗೆಲ್ಲ ಯಾಕೆ ಇಷ್ಟ, ಅಥವಾ ಯಾಕೆ ಇಷ್ಟ ಇಲ್ಲ, ಹೇಳಿ.

ಲೈನ್‌ಬಜಾರ್:
ಖರೇ ಅದ ನೋಡ್ರಿ. ನಂಗ ಅನಸೂದು ಏನಂದ್ರ ಇವು ಪ್ರೀತಿ ಪಿಕ್ಚರ್ ಅಲ್ಲವೇ ಅಲ್ಲ, ಬಿಟ್ಟುಕೊಡೂ ಪಿಕ್ಚರ್. ‘ಕಾಸಾಬ್ಲಾಂಕಾ’ ತಗೋರಿ. ಹೀರೋಗ ಹುಡುಗಿ ಸಿಕ್ಕಳ, ಅಕಿಗೂ ಇವನ ಬೇಕು, ಕೈಯಾಗ ಪಾರಾಗೂ ಕಾಗದಾನೂ ಅದ, ಇಷ್ಟಿದ್ದೂ ಅಕಿನ್ನ ಗಂಡನ ಕೂಡ ವಿಮಾನ ಹತ್ತಸ್ತಾನ. ನಮ್ಮ ಮನ್ಯಾಗ ಹಿರ್ಯಾರು ಕೂತು ನೋಡಿದ್ರ ‘ಶಹಬ್ಬಾಸ್ ಮಗನ’ ಅಂತಾರ, ಇಂಗ್ಲಿಷ್ ಬರಲಿಕ್ಕಂದ್ರೂ. ಅವನ ಮೊದಲ ಮಾತು ನೆನಪ ಅದನ ಇಲ್ಲೋ, ನಾ ಯಾರ ಸಲುವಾಗೂ ಕುತ್ತಿಗಿ ಕೊಡೂ ಮಗ ಅಲ್ಲ ಅನ್ನೂ ಅರ್ಥದಾಗ ತಿರಗ್ತಿರ್ತಾನ. ಅಂಥಾವ ಕಡೀಕ ಕೊಡ್ತಾನ.

ಇನ್ನೊಂದು. ಆ ಪಿಕ್ಚರಿನಾಗ ಅಳೂ ಮಂದಿ ಸುಳ್ಳ ಸುಳ್ಳ ಅತ್ತಿಲ್ಲ. ಜರ್ಮನ್ ಆಫೀಸರ್‌ಗಳು ತಮ್ಮ ಹಾಡು ಹಾಡ್ತಿರ್ತಾರ, ಹೀರೋಯಿನ್ ಗಂಡ ಲಾಸ್ಲೋ ಹೋಗಿ ಬ್ಯಾಂಡಿನವ್ರಿಗೆ ಫ್ರಾನ್ಸಿನ ರಾಷ್ಟ್ರಗೀತೆ ಬಾರಸ್ರಿ ಅಂತಾನ, ಇಡೀ ಕೆಫೆ ಎದ್ದು ನಿಂತು ಹಾಡ್ತದ. ಅದರಾಗ ಕಣ್ಣೀರ ಹಾಕ್ಕೋತ ಹಾಡೂ ಹುಡುಗಿ ಮಡೆಲೀನ್ ಲೆಬೋ, ಅಕಿ ಖರೇನ ಪ್ಯಾರಿಸ್ ಬಿಟ್ಟು ಓಡಿ ಬಂದಾಕಿ. ಅಲ್ಲೇ ಜೂಜಿನ ಟೇಬಲ್‌ದಾಗ ಇರೂ ಮಾರ್ಸೆಲ್ ಡಾಲಿಯೋ ಆಗ ಅಕಿ ಗಂಡ, ಅವನೂ ಅಕಿ ಕೂಡ ಓಡಿ ಬಂದಾವ. ನಾಜಿ ಮೇಜರ್ ಪಾರ್ಟ್ ಮಾಡಿದ ಕೊನ್ರಾಡ್ ವೈಟ್ ನಾಜಿಗಳ ಕಾಟಕ್ಕ ಜರ್ಮನಿ ಬಿಟ್ಟಾವ. ಲೆಬೋ 2016ರಾಗ ತೀರಿಕೊಂಡ್ಳು. ನಾ ಆ ಸೀನ್ ಬಂದಾಗೆಲ್ಲ ಅಕಿ ಮುಖಾನ ನೋಡ್ತೀನಿ, ಹೀರೋ ಬೊಗಾರ್ಟ್‌ನ ಅಲ್ಲ.

ಸಿಡುಕ:
ಕ್ಷಮಿಸಿ, ನಾನು ಸ್ವಲ್ಪ ಹುಳಿ ಹಿಂಡ್ತೀನಿ. ಇದೆಲ್ಲ ವಯಸ್ಸಾದವ್ರ ನಾಸ್ಟಾಲ್ಜಿಯಾ ಅಷ್ಟೆ. ಪಿಟೀಲು ಜೋರು ಮಾಡು, ಕ್ಯಾಮೆರಾ ಮುಖದ ಹತ್ರ ತಗೊಂಡೋಗು, ಕಣ್ಣಲ್ಲಿ ಗ್ಲಿಸರಿನ್ನು, ಆಯ್ತಲ್ಲ. ತ್ಯಾಗ ತ್ಯಾಗ ಅಂತೀರಲ್ಲ, ಯಾರ್ ಮಾಡೋದು ತ್ಯಾಗ? ‘ಕಾಸಾಬ್ಲಾಂಕಾ’ ಒಂದ್ ಬಿಟ್ರೆ ಎಲ್ಲಾದ್ರಲ್ಲೂ ಹೆಣ್ಣೇ ಮಾಡೋದು. ‘ಸ್ಟೆಲ್ಲಾ ಡಲ್ಲಾಸ್’ನಲ್ಲಿ ತಾಯಿ, ‘ಕಮೀಲ್’ನಲ್ಲಿ ಗಾರ್ಬೋ, ‘ವಾಟರ್ಲೂ ಬ್ರಿಡ್ಜ್’ನಲ್ಲಿ ಪಾಪ ವಿವಿಯನ್ ಲೀ ಲಾರಿಗೆ ಎದುರಾಗಿ ನಡೀತಾಳೆ. ಗಂಡಸ್ರು ಕೋಟ್ ಕಾಲರ್ ಎತ್ಕೊಂಡು ದುಃಖದಲ್ಲಿ ನಿಂತ್ಕೋತಾರೆ, ಮುಂದಿನ್ ಸೀನ್‌ಗೆ ಸರಿ ಹೋಗ್ತಾರೆ.

‘ಗಾನ್ ವಿತ್ ದ ವಿಂಡ್’ ಬಗ್ಗೆ ಯಾರೂ ಬಾಯಿ ಬಿಡ್ಲಿಲ್ಲ ಇನ್ನೂ. ಗುಲಾಮರನ್ನ ಇಟ್ಕೊಂಡಿದ್ದ ಜಮೀನ್ದಾರರ ಕಾಲಾನ ಸ್ವರ್ಗ ಅನ್ನೋ ಹಾಗೆ ತೋರಿಸಿರೋ ಪಿಕ್ಚರು. ಅದ್ರಲ್ಲಿ ನಟಿಸಿದ ಹ್ಯಾಟೀ ಮೆಕ್‌ಡೇನಿಯಲ್‌ಗೆ ಆಸ್ಕರ್ ಬಂತು, ಕಪ್ಪು ಜನಾಂಗದವ್ರಿಗೆ ಬಂದ ಮೊದಲ್ನೇ ಆಸ್ಕರ್ ಅದು, ಆದ್ರೆ ಸಮಾರಂಭದಲ್ಲಿ ಆಕೇನ ಮಿಕ್ಕ ನಟರ ಜೊತೆ ಕೂರಿಸ್ಲಿಲ್ಲ, ಗೋಡೆ ಹತ್ರ ಬೇರೆ ಟೇಬಲ್. 1939ರ ಡಿಸೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಪ್ರೀಮಿಯರ್ ಆದಾಗ ಆಕೆಗೆ ಹೋಗೋಕೇ ಆಗ್ಲಿಲ್ಲ, ಅಲ್ಲಿ ಬಿಳಿಯರ ಥಿಯೇಟರ್‌ಗೆ ಕಪ್ಪು ಜನಾನ ಬಿಡ್ತಿರ್ಲಿಲ್ಲ. ಇದನ್ನ ಇಟ್ಕೊಂಡು ನಾನ್ ಹೇಗ್ರಿ ರೊಮ್ಯಾನ್ಸ್ ನೋಡ್ಲಿ.

ಕಪ್ಪುಬಿಳುಪು:
@ಸಿಡುಕ ‘ಗಾನ್ ವಿತ್ ದ ವಿಂಡ್’ ವಿಷ್ಯದಲ್ಲಿ ನಿಮ್ ಜೊತೆ ಜಗಳ ಇಲ್ಲ. ನಾನೂ ಅದನ್ನ ಪೂರ್ತಿ ಕೂತು ನೋಡಲ್ಲ ಈಗ. ಆದ್ರೆ ಪಿಟೀಲು ಗ್ಲಿಸರಿನ್ ಅಂದ್ರಲ್ಲ, ಅಷ್ಟೇ ಆಗಿದ್ರೆ ಆ ಕಾಲದಲ್ಲಿ ಬಂದಿದ್ದೆಲ್ಲಾ ನಿಲ್ಬೇಕಿತ್ತು. ನಿಂತಿರೋದು ಕೆಲವೇ.

ಕಾಫಿತೋಟ:
ಸಿಡುಕ ಅವ್ರೆ, ಒಂದು ಪಿಕ್ಚರ್ ನೋಡಿ ಆಮೇಲೆ ಮಾತಾಡೋಣ. ‘ಆಲ್ ದಟ್ ಹೆವನ್ ಅಲೌಸ್’, 1955, ಡಗ್ಲಸ್ ಸರ್ಕ್ ನಿರ್ದೇಶನ. ಜೇನ್ ವೈಮನ್ ವಿಧವೆ, ಬೆಳೆದ ಮಗ ಮಗಳು ಇದಾರೆ. ಮನೆ ಮರಗಿಡ ಕತ್ತರಿಸೋಕೆ ಬರೋ ವಯಸ್ಸಲ್ಲಿ ಚಿಕ್ಕವನಾದ ರಾಕ್ ಹಡ್ಸನ್ ಜೊತೆ ಮನಸ್ಸಾಗತ್ತೆ. ಊರೆಲ್ಲಾ ಗುಸುಗುಸು, ಕ್ಲಬ್ಬಿನವ್ರ ಕೊಂಕು. ಒಂದ್ ದಿನ ಆಕೆ ಕೆಂಪು ಡ್ರೆಸ್ ಹಾಕ್ಕೋತಾಳೆ, ಮಗ ಕತ್ತಿನ ಹತ್ರ ನೋಡಿ ಒಂಥರಾ ಮಾತಾಡ್ತಾನೆ. ಮಗಳು ಓದಿರೋಳು, ಅಮ್ಮಂಗೆ ಪಾಠ ಹೇಳ್ತಾಳೆ, ಹಿಂದೆ ಈಜಿಪ್ಟ್‌ನಲ್ಲಿ ಗಂಡ ಸತ್ರೆ ಹೆಂಡ್ತೀನೂ ಗೋರಿ ಒಳಗೆ ಹಾಕಿ ಗೋಡೆ ಕಟ್ತಿದ್ರು, ಈಗ ಹಾಗೆಲ್ಲ ಇಲ್ಲ ಬಿಡು ಅಂತ. ಅಮ್ಮ ಸುಮ್ನೆ, ಇಲ್ವಾ, ಈಜಿಪ್ಟ್‌ನಲ್ಲಿ ಇಲ್ಲದೇ ಇರಬಹುದು ಅಂತಾಳೆ. ಅಷ್ಟೇ ಹೇಳೋದು.

ಮಕ್ಕಳ ಮಾತಿಗೆ ಕಟ್ಟುಬಿದ್ದು ಅವನನ್ನ ಬಿಡ್ತಾಳೆ. ಆಮೇಲೆ ಏನಾಗತ್ತೆ ಗೊತ್ತಾ, ಮಗಳಿಗೆ ಮದುವೆ ಗೊತ್ತಾಗತ್ತೆ, ಮಗ ವಿದೇಶಕ್ಕೆ ಹೊರಡ್ತಾನೆ, ಮನೆ ಮಾರೋಣ ಅಂತಾರೆ. ಅಂದ್ರೆ ಇವರಿಗೋಸ್ಕರ ಬಿಟ್ಟಿದ್ದಕ್ಕೆ ಏನೂ ಅರ್ಥಾನೇ ಇರ್ಲಿಲ್ಲ. ಕ್ರಿಸ್ಮಸ್‌ಗೆ ಅಮ್ಮಂಗೆ ಏನ್ ತಂದುಕೊಡ್ತಾರೆ? ಟೀವಿ. ರಿಬ್ಬನ್ ಕಟ್ಟಿರೋ ಟೀವಿ. ತಂದವನು, ಇನ್ನು ಪ್ರಪಂಚದ ಜನ ಎಲ್ಲಾ ನಿಮ್ ಮನೇಲೇ ಅನ್ನೋ ಥರ ಮಾರಾಟದ ಮಾತು ಹೇಳ್ತಿರ್ತಾನೆ, ಕ್ಯಾಮೆರಾ ನಿಧಾನವಾಗಿ ಆ ಆರಿಸಿರೋ ಸ್ಕ್ರೀನ್ ಹತ್ರ ಹೋಗತ್ತೆ, ಅದ್ರಲ್ಲಿ ಕಾಣೋದು ಆಕೆ ಒಬ್ಳ ಮುಖ. ಸಿಡುಕ ಅವ್ರೆ, ಅಲ್ಲಿ ಯಾರೂ ಅಳ್ತಿಲ್ಲ.

ನಮ್ ಸೋದರತ್ತೆಗೆ ಗಂಡ ಹೋದ್ಮೇಲೆ ಮಕ್ಳು ಎಲ್ಲಾ ಸೇರಿ ದೊಡ್ಡ ಟೀವಿ ತಂದಿಟ್ರು, ಪಾಪ ಪ್ರೀತಿಯಿಂದಾನೇ. ಯಾರೂ ಕೂತು ಜೊತೇಲಿ ನೋಡೋಕೆ ಬರ್ಲಿಲ್ಲ ಅಷ್ಟೆ. ಈ ಪಿಕ್ಚರ್ ಅಮೆರಿಕದ್ದೋ ಕೊಪ್ಪದ್ದೋ ನಂಗೆ ಗೊತ್ತಾಗಲ್ಲ.

ಸಿಡುಕ:
ನೋಡಿದೀನಿ ಮೇಡಮ್. ಕೊನೇಲಿ ಕಿಟಕಿ ಆಚೆ ಜಿಂಕೆ ಬಂದು ನಿಲ್ಲತ್ತಲ್ಲ, ಅಲ್ಲಿ ನಂಗೆ ನಗು ತಡ್ಯೋಕಾಗ್ಲಿಲ್ಲ. ಕ್ಯಾಲೆಂಡರ್ ಚಿತ್ರ.

ಲೈಟ್‌ಬಾಯ್:
ಗುರು ಆ ಜಿಂಕೆ ಕ್ಯಾಲೆಂಡರ್ ಥರ ಕಾಣ್ಲಿ ಅಂತಾನೇ ಇಟ್ಟಿರೋದು ಅಂತ ನನ್ ನಂಬಿಕೆ. ಸರ್ಕ್ ಹ್ಯಾಂಬರ್ಗ್‌ನವ್ನು, ನಾಟಕ ರಂಗದಿಂದ ಬಂದವ್ನು, ನಿಜ ಹೆಸರು ಡೆಟ್ಲೆಫ್ ಸಿಯರ್ಕ್, 1937ರಲ್ಲಿ ಜರ್ಮನಿ ಬಿಟ್ಟ. ಯೂನಿವರ್ಸಲ್‌ನಲ್ಲಿ ರಾಸ್ ಹಂಟರ್ ಅನ್ನೋ ಪ್ರೊಡ್ಯೂಸರ್ ಅವ್ನಿಗೆ ಇಂಥಾ ಕಥೆಗಳನ್ನೇ ಕೊಡ್ತಿದ್ದ, ಸುಖಾಂತ್ಯ ಬೇಕೇ ಬೇಕು. ಸರಿ ತಗೋ ಸುಖಾಂತ್ಯ ಅಂತ ಕೊಡೋನು, ಆದ್ರೆ ಬಣ್ಣದಲ್ಲಿ ಬೇರೇನೇ ಹೇಳೋನು. ಕ್ಯಾಮೆರಾಮನ್ ರಸೆಲ್ ಮೆಟ್ಟಿ. ಒಂದೇ ರೂಮಲ್ಲಿ ಕಿಟಕಿ ಕಡೆಯಿಂದ ನೀಲಿ, ಒಳಗಡೆಯಿಂದ ಕಿತ್ತಳೆ, ಎರಡೂ ಸೇರಲ್ಲ. ಮಗಳು ಅಳೋ ಸೀನಲ್ಲಿ ಕಿಟಕಿ ಗಾಜಿಂದ ಕೆಂಪು ಹಸಿರು ಹಳದಿ ಎಲ್ಲಾ ಮುಖದ ಮೇಲೆ ಬೀಳತ್ತೆ, ಯಾವ ಊರಲ್ಲೂ ಅಂಥಾ ಬೆಳಕು ಇರಲ್ಲ. ಫಾಸ್‌ಬೈಂಡರ್ ಅನ್ನೋ ಜರ್ಮನ್ ಡೈರೆಕ್ಟರ್ ಇದನ್ನೇ ತಗೊಂಡು 1974ರಲ್ಲಿ ಜರ್ಮನಿಯಲ್ಲಿ ಒಬ್ಬ ಮುದುಕಿ ಮತ್ತೆ ಮೊರೊಕ್ಕೊ ಕೆಲಸಗಾರನ ಕಥೆ ಮಾಡಿದ, ಅದ್ರಲ್ಲಿ ಮಗ ಟೀವೀನ ಒದ್ದೇ ಬಿಡ್ತಾನೆ. ಟಾಡ್ ಹೇನ್ಸ್ 2002ರಲ್ಲಿ ‘ಫಾರ್ ಫ್ರಮ್ ಹೆವನ್’ ಮಾಡಿದ, ಅದೂ ಇದೇ ಬೇರಿನದು.

ಇನ್ನು ಮುಖದ ಹತ್ರ ಕ್ಯಾಮೆರಾ ತಗೊಂಡೋಗೋದು ಅಷ್ಟು ಸಸಾರ ಅಲ್ಲ ಸ್ವಾಮಿ. ‘ಕಾಸಾಬ್ಲಾಂಕಾ’ದಲ್ಲಿ ಆರ್ಥರ್ ಎಡಿಸನ್ (ಬಲ್ಬಿನವ್ನಲ್ಲ, ಬೇರೆಯವ್ನು) ಹೀರೋಯಿನ್ ಬರ್ಗ್‌ಮನ್‌ನ ಹೆಚ್ಚಾಗಿ ಎಡಗಡೆ ಮುಖದಿಂದಾನೇ ತೆಗ್ದಿರೋದು, ಲೆನ್ಸ್ ಮುಂದೆ ತೆಳು ಜಾಲರಿ ಬಟ್ಟೆ, ಕಣ್ಣಲ್ಲಿ ಮಿಂಚು ಕಾಣ್ಲಿ ಅಂತಾನೇ ಬೇರೆ ಸಣ್ಣ ಲೈಟು. ಆಕೆ ಬೊಗಾರ್ಟ್‌ಗಿಂತ ಎತ್ತರ, ಅವ್ನಿಗೆ ಬೂಟಿನ ಕೆಳಗೆ ಎತ್ತರದ ಅಟ್ಟೆ ಕಟ್ಟಿದ್ರು. ಕಡೇ ಸೀನಿನ ವಿಮಾನ ಸ್ಟುಡಿಯೋ ಒಳಗೆ ಇಟ್ಟ ಸಣ್ಣ ಕಟೌಟು, ಅದು ದೊಡ್ಡದಾಗಿ ಕಾಣ್ಲಿ ಅಂತ ಕುಳ್ಳಗಿರೋ ಜನಾನ ಮೆಕ್ಯಾನಿಕ್ ವೇಷದಲ್ಲಿ ಸುತ್ತ ನಿಲ್ಸಿದ್ರು, ಬಣ್ಣ ಬಯಲಾಗ್ದಿರ್ಲಿ ಅಂತ ಮಂಜು ಬಿಟ್ರು. ಇಷ್ಟೆಲ್ಲಾ ಡೋಂಗಿ, ಮೇಲೆ ಸ್ಕ್ರಿಪ್ಟು ಬೇರೆ ಶೂಟಿಂಗ್ ನಡೀತಿದ್ದಾಗ್ಲೇ ಬರೀತಿದ್ರು. ಆ ಮುಖ ನೋಡ್ದಾಗ ಇದ್ಯಾವ್ದೂ ನೆನಪಿಗೆ ಬರಲ್ಲ ನಂಗೆ, ವೃತ್ತಿಯವ್ನಾಗಿದ್ರೂ.

ಗಾರ್ಬೋದು ಕೇಳಿ. ‘ಕ್ವೀನ್ ಕ್ರಿಸ್ಟಿನಾ’, 1933. ಪ್ರಿಯಕರ ಸತ್ತಿದಾನೆ, ಸಿಂಹಾಸನ ಬಿಟ್ಟಿದಾಳೆ, ಹಡಗಿನ ತುದೀಲಿ ನಿಂತಿರ್ತಾಳೆ, ಕ್ಯಾಮೆರಾ ಮುಖದ ತೀರಾ ಹತ್ರ ಬರತ್ತೆ. ಡೈರೆಕ್ಟರ್ ಮಮೂಲಿಯನ್ ಆಕೆಗೆ ಏನೂ ಯೋಚನೆ ಮಾಡಬೇಡ, ಮುಖ ಖಾಲಿ ಇರ್ಲಿ ಅಂದಿದ್ನಂತೆ. ಖಾಲಿ ಮುಖ! ನೋಡೋರು ತಮ್ ತಮ್ಮ ದುಃಖ ಅಲ್ಲಿ ತುಂಬ್ಕೋತಾರೆ. ಗ್ಲಿಸರಿನ್ ಎಲ್ಲಿ ಬಂತು ಹೇಳಿ.

ಒಂಟಿಕೊಪ್ಪಲ್:
ಗಾರ್ಬೋ ಅಂದ ತಕ್ಷಣ ನೆನಪಾಯ್ತು. 90ರ ದಶಕದಲ್ಲಿ ಕೇಬಲ್ ಬಂದಾಗ ಹಗಲೆಲ್ಲಾ ಕಾರ್ಟೂನ್ ನೆಟ್‌ವರ್ಕು, ರಾತ್ರಿ ಆದ್ರೆ ಅದೇ ಚಾನೆಲ್ ಟಿಎನ್‌ಟಿ ಆಗೋದು, ಎಂಜಿಎಂ ಕಂಪನಿಯ ಹಳೇ ಪಿಕ್ಚರ್ ಹಾಕೋರು. ಟಾಮ್ ಅಂಡ್ ಜೆರ್ರಿಗೆ ಅಂತ ಕೂತ ಮಕ್ಳು ಎದ್ದು ಹೋಗ್ದೇ ಇದ್ರೆ ಗಾರ್ಬೋ ಸಿಕ್ತಿದ್ಳು. ಅರ್ಥ ಆಗ್ತಿರ್ಲಿಲ್ಲ, ಸಬ್‌ಟೈಟಲ್ ಇಲ್ಲ ಏನಿಲ್ಲ, ಆದ್ರೂ ಕೂತಿರ್ತಿದ್ವಿ. ನಮ್ ತಲೆಮಾರಿನ ಎಷ್ಟೋ ಜನಕ್ಕೆ ಹಳೇ ಹಾಲಿವುಡ್ ಶುರುವಾಗಿದ್ದು ಹೀಗೇನೇ, ಬೆಂಗಳೂರಿನ ಪ್ಲಾಜಾ, ಲಿಡೋ ಎಲ್ಲಾ ನಮ್ ಅಪ್ಪಂದಿರ ಕಾಲದ್ದು.

ಕಟಕಟೆ:
ಒಂದು ವಿಷಯ ಯಾರೂ ಹೇಳ್ಲಿಲ್ಲ. ಇವ್ರೆಲ್ಲ ಇಷ್ಟು ಸಂಯಮದಿಂದ ಇದ್ದದ್ದು ಸ್ವಂತ ಇಷ್ಟಕ್ಕಲ್ಲ, ಕಾನೂನಿಗೆ. ಅಂದ್ರೆ ಸರ್ಕಾರದ ಕಾನೂನಲ್ಲ, ಸ್ಟುಡಿಯೋಗಳು ತಾವೇ ಹಾಕ್ಕೊಂಡ ಪ್ರೊಡಕ್ಷನ್ ಕೋಡ್. 1930ರಲ್ಲಿ ಬರೆದ್ರು, 1934ರಲ್ಲಿ ಅದನ್ನ ಜಾರಿ ಮಾಡೋ ಕೆಲಸ ಜೋಸೆಫ್ ಬ್ರೀನ್ ಕೈಗೆ ಬಂದ್ಮೇಲೆ ಬಿಗಿ ಆಯ್ತು, 1968ರಲ್ಲಿ ರೇಟಿಂಗ್ ಪದ್ಧತಿ ಬರೋತನಕ ಹೆಸರಿಗಾದ್ರೂ ಇತ್ತು. ಪರಸಂಗವನ್ನ ಚಂದ ಅಂತ ತೋರಿಸೋ ಹಾಗಿಲ್ಲ, ತಪ್ಪು ಮಾಡ್ದೋರಿಗೆ ಸುಖ ಸಿಗೋ ಹಾಗಿಲ್ಲ. ಹಾಗಾಗಿ ‘ನೌ, ವಾಯೇಜರ್’ನಲ್ಲಿ ಶಾರ್ಲಟ್ ಮತ್ತೆ ಆ ಮದುವೆ ಆಗಿರೋ ಜೆರ್ರಿ ಸೇರೋ ಹಾಗೇ ಇರ್ಲಿಲ್ಲ, ಬರೆಯೋರು ಬಯಸಿದ್ರೂ. ಅದಕ್ಕೇ ಆ ಎರಡು ಸಿಗರೇಟು. ಅವನು ಎರಡನ್ನೂ ತನ್ನ ಬಾಯಲ್ಲಿಟ್ಟು ಹಚ್ಚಿ ಒಂದನ್ನ ಆಕೆಗೆ ಕೊಡ್ತಾನೆ. ಬ್ರೀನ್ ಆಫೀಸು ಅದಕ್ಕೆ ಏನಂತ ಅಡ್ಡ ಹಾಕಬೇಕು?

‘ಕಾಸಾಬ್ಲಾಂಕಾ’ದಲ್ಲೂ ಹಾಗೇ. ಹೀರೋಯಿನ್ ಇಲ್ಸಾ ರಾತ್ರಿ ಹೀರೋ ರಿಕ್ ರೂಮಿಗೆ ಬರ್ತಾಳೆ, ಪಿಸ್ತೂಲು ಹಿಡೀತಾಳೆ, ಆಗಲ್ಲ, ತಬ್ಕೋತಾಳೆ. ಅಲ್ಲಿಗೆ ಕಟ್, ವಿಮಾನ ನಿಲ್ದಾಣದ ಟವರ್ ಲೈಟ್ ತಿರುಗ್ತಿರೋದು ತೋರಿಸ್ತಾರೆ, ವಾಪಸ್ ಬಂದಾಗ ಅವನು ಕಿಟಕಿ ಹತ್ರ ನಿಂತು ಸಿಗರೇಟ್ ಸೇದ್ತಿದಾನೆ. ನಡುವೆ ಎಷ್ಟು ಹೊತ್ತಾಯ್ತು, ಏನಾಯ್ತು, ನಿಮ್ಮ ನಿಮ್ಮ ವಯಸ್ಸಿಗೆ ಬಿಟ್ಟಿದ್ದು. ಹಿಚ್‌ಕಾಕ್ ಇನ್ನೂ ಕಿಲಾಡಿ, ‘ನಟೋರಿಯಸ್’ನಲ್ಲಿ ಮುತ್ತು ಇಷ್ಟೇ ಸೆಕೆಂಡು ಅಂತ ಕಟ್ಟಳೆ ಇದ್ದಿದ್ದಕ್ಕೆ ಬರ್ಗ್‌ಮನ್, ಕ್ಯಾರಿ ಗ್ರಾಂಟ್ ಇಬ್ರೂ ಮುತ್ತು ಕೊಡೋದು, ಬಿಡೋದು, ಕೋಳಿ ಅಡುಗೆ ಬಗ್ಗೆ ಮಾತಾಡೋದು, ಫೋನ್ ಎತ್ತೋದು, ಮತ್ತೆ ಮುತ್ತು, ಹೀಗೆ ನಿಮಿಷಗಟ್ಟಲೆ ಎಳೆದ. ಕಟ್ಟಳೇನೂ ಮುರೀಲಿಲ್ಲ.

ಈ ಕಡಿವಾಣ ಒಳ್ಳೇದಿತ್ತು ಅಂತ ನಾನ್ ಹೇಳ್ತಿಲ್ಲ. ಬಿಳಿಯರು ಕರಿಯರ ನಡುವಿನ ಪ್ರೇಮ ತೋರಿಸಬಾರ್ದು ಅಂತಾನೂ ಅದ್ರಲ್ಲಿ ಬರೆದಿತ್ತು. ಕೆಟ್ಟ ಕಡಿವಾಣ. ಆದ್ರೆ ಅದ್ರೊಳಗೆ ಸಿಕ್ಕಿಕೊಂಡ ಬುದ್ಧಿವಂತರು ವಸ್ತುಗಳ ಕೈಲಿ ಮಾತಾಡಿಸೋಕೆ ಕಲ್ತರು.

ಬಂಗುಡೆ ಫ್ರೈ:
ಹೌದು ಮಾರ್ರೆ, ‘ವಾಟರ್ಲೂ ಬ್ರಿಡ್ಜ್’ ಎರಡು ಸಲ ಬಂದದ್ದು ಗೊತ್ತುಂಟಾ? 1931ರದ್ದು ಕೋಡ್ ಬಿಗಿ ಆಗುವ ಮೊದಲಿನದ್ದು, ಅದ್ರಲ್ಲಿ ಹುಡುಗಿ ಎಂತ ಕೆಲಸ ಮಾಡ್ತಾಳೆ ಅಂತ ಗುಟ್ಟೇನಿಲ್ಲ. 1940ರದ್ದರಲ್ಲಿ ಆ ಶಬ್ದವೇ ಯಾರ ಬಾಯಲ್ಲೂ ಬರುದಿಲ್ಲ. ನನಗೆ ಎರಡನೇದ್ದೇ ಹೆಚ್ಚು ತಾಗುದು. ಒಂದು ಹೋಟೆಲಿನಲ್ಲಿ ಹುಡುಗನ ತಾಯಿಯನ್ನು ಮೊದಲ ಸಲ ಕಾಣ್ಲಿಕ್ಕೆ ಕಾಯ್ತಾ ಕೂತಿರ್ತಾಳೆ, ಅಲ್ಲಿ ಪೇಪರ್ ನೋಡುವಾಗ ಯುದ್ಧದಲ್ಲಿ ಸತ್ತವರ ಪಟ್ಟಿಯಲ್ಲಿ ಅವನ ಹೆಸರು. ಅಷ್ಟರಲ್ಲಿ ತಾಯಿ ಬಂದಾಯ್ತು, ಮಗ ಹೋದದ್ದು ಆಕೆಗೆ ಗೊತ್ತಿಲ್ಲ, ನಗ್ತಾ ನಗ್ತಾ ಮಾತಾಡ್ತಾರೆ. ಇವಳು ಹೇಳ್ಲಿಕ್ಕೂ ಆಗದೆ ಕೂರ್ಲಿಕ್ಕೂ ಆಗದೆ ಎಂತೆಂತದೋ ಅಸಂಬದ್ಧ ಮಾತಾಡ್ತಾಳೆ. ತಾಯಿಗೆ ಸಿಟ್ಟು ಬಂದು ಎದ್ದು ಹೋಗ್ತಾರೆ. ಆ ಸೀನಿನಲ್ಲಿ ವಿವಿಯನ್ ಲೀ ಕಣ್ಣು ನೋಡಿ ಒಮ್ಮೆ. ನಮ್ಮ ಡಾರ್ಜಿಲಿಂಗ್‌ನಲ್ಲಿ ಹುಟ್ಟಿದ ಜನ ಅಲ್ವಾ, 1913ರಲ್ಲಿ.

ಮಾಟುಂಗ:
ಇಂಡಿಯಾದಲ್ಲಿ ಹುಟ್ಟಿದವರು ಅಂದ್ರೆ ಮರ್ಲ್ ಓಬೆರಾನ್ ಕಥೆ ಹೇಳ್ಲೇಬೇಕು. ‘ವದರಿಂಗ್ ಹೈಟ್ಸ್’ (1939) ಹೀರೋಯಿನ್ ಕ್ಯಾಥಿ ಪಾರ್ಟ್ ಮಾಡಿದೋರು. ನಮ್ಮ ಬಾಂಬೆಯಲ್ಲೇ 1911ರಲ್ಲಿ ಹುಟ್ಟಿದ್ದು, ಬೆಳೆದಿದ್ದು ಕಲ್ಕತ್ತಾದಲ್ಲಿ, ಮಿಶ್ರ ಸಂತಾನ. ಲಂಡನ್‌ಗೆ ಹೋದ್ಮೇಲೆ ಪಬ್ಲಿಸಿಟಿಯವ್ರು ಆಕೆ ಟಾಸ್ಮೇನಿಯಾದಲ್ಲಿ ಹುಟ್ಟಿದ ಬಿಳಿ ಹುಡುಗಿ ಅಂತ ಕಥೆ ಕಟ್ಟಿದ್ರು, ಆಕೆ ಬಾಳಿನ ಬಹುಪಾಲು ಅದನ್ನೇ ಹೇಳ್ಕೊಂಡು ಬಂದ್ರು. 1978ರಲ್ಲಿ ಹೋಬಾರ್ಟ್‌ನಲ್ಲಿ ಊರಿನ ಮಗಳು ಅಂತ ಸನ್ಮಾನ ಇಟ್ಕೊಂಡಿದ್ರು, ಹೋಗ್ಬೇಕಾಯ್ತು, ಮುಂದಿನ ವರ್ಷ ತೀರ್ಕೊಂಡ್ರು. ಜೊತೇಲಿದ್ದ ಕಪ್ಪು ಮೈಬಣ್ಣದ ತಾಯೀನ, ಅಂದ್ರೆ ಸಾಕಿದೋರು, ಬಂದವ್ರ ಎದುರಿಗೆ ಮನೆ ಕೆಲಸದವ್ರು ಅಂತ ತೋರಿಸ್ತಿದ್ರಂತೆ. 1935ರ ‘ದ ಡಾರ್ಕ್ ಏಂಜೆಲ್’ಗೆ ಅತ್ಯುತ್ತಮ ನಟಿ ಆಸ್ಕರ್‌ಗೆ ನಾಮಿನೇಟ್ ಆಗಿದ್ರು. 2023ರಲ್ಲಿ ಏಷ್ಯಾ ಮೂಲದ ನಟಿ ಮಿಶೆಲ್ ಯೋ ಅದೇ ಆಸ್ಕರ್ ಗೆದ್ದಾಗ ಪತ್ರಿಕೆಯವ್ರು ಮತ್ತೆ ಈ ಹಳೇ ಹೆಸರು ಹುಡುಕಿ ತೆಗೆದ್ರು.

1937ರಲ್ಲಿ ಕಾರ್ ಆಕ್ಸಿಡೆಂಟ್ ಆಗಿ ಮುಖಕ್ಕೆ ಗಾಯ ಆಯ್ತು. ಕ್ಯಾಮೆರಾಮನ್ ಲೂಸಿಯನ್ ಬಲ್ಲಾರ್ಡ್ ಆ ಕಲೆ ಕಾಣ್ದಿರ್ಲಿ ಅಂತ ಕ್ಯಾಮೆರಾ ಪಕ್ಕಕ್ಕೇ ಹಾಕೋ ಒಂದು ಲೈಟ್ ಮಾಡಿದ, ಆಮೇಲೆ ಆಕೆನ್ನೇ ಮದುವೆ ಆದ. ಲೈಟ್‌ಬಾಯ್ ಅವ್ರಿಗೆ ಗೊತ್ತಿರತ್ತೆ.

ಲೈಟ್‌ಬಾಯ್:
‘ಓಬಿ’ ಅಂತೀವಿ ಅದನ್ನ. ಆಕೆ ಹೆಸರಿಂದಾನೇ. ಇವತ್ತಿಗೂ ಸೆಟ್‌ನಲ್ಲಿ ಆ ಹೆಸರು ನಡೀತದೆ.

ಒಂಟಿಕೊಪ್ಪಲ್:
ವಿಷಯಾಂತರ, ಬೈಬೇಡಿ. ಆ ಕಾಲದ ಹಾಲಿವುಡ್‌ನಲ್ಲಿ ತನ್ನ ಹೆಸರಲ್ಲೇ, ತನ್ನ ಬಣ್ಣದಲ್ಲೇ ಸ್ಟಾರ್ ಆದೋನು ಒಬ್ಬ ನಮ್ಮೋನಿದ್ದ, ಸಾಬು. ಮೈಸೂರು ಸೀಮೆ ಕಾರಾಪುರದವ್ನು, ಮಾವುತನ ಮಗ. ಪ್ರೇಮಕಥೆ ಮಾತ್ರ ಅವ್ನಿಗೆ ಕೊಡ್ಲಿಲ್ಲ. ಹೀರೋಯಿನ್ ಪಕ್ಕದಲ್ಲಿ ಚುರುಕು ಹುಡುಗನ ಪಾರ್ಟು, ಹೀರೋ ಬೇರೆಯವ್ನು. ಕಟಕಟೆ ಅವ್ರು ಹೇಳಿದ ಕೋಡ್ ಎಲ್ಲೆಲ್ಲಿ ಕಚ್ತಿತ್ತು ನೋಡಿ.

ಸಿಡುಕ:
ಮರ್ಲ್ ಓಬೆರಾನ್ ವಿಷ್ಯ ಓದಿ ಸುಮ್ನಿರೋಕಾಗ್ಲಿಲ್ಲ. ಸರ್ಕ್‌ದು ಕಡೇ ದೊಡ್ಡ ಪಿಕ್ಚರ್ ‘ಇಮಿಟೇಶನ್ ಆಫ್ ಲೈಫ್’, 1959, ಅದನ್ನ ಮಾತ್ರ ನಾನು ಒಪ್ತೀನಿ. ಪೋಸ್ಟರ್‌ನಲ್ಲಿ ಲಾನಾ ಟರ್ನರ್, ಅವಳ ಸೇರುಗಟ್ಟಲೆ ಒಡವೆ, ಅದೆಲ್ಲಾ ಬಿಡಿ. ನಿಜವಾದ ಕಥೆ ಮನೆ ಕೆಲಸದ ಆನ್ನಿದು, ಜುವಾನಿಟಾ ಮೂರ್ ಮಾಡಿದಾರೆ. ಆಕೆ ಮಗಳು ಸಾರಾ ಜೇನ್ ನೋಡೋಕೆ ಬೆಳ್ಳಗಿದಾಳೆ, ಬಿಳಿಯವಳು ಅಂತ ಹೇಳ್ಕೊಂಡು ಮನೆ ಬಿಟ್ಟು ಹೋಗಿ ಕ್ಲಬ್‌ನಲ್ಲಿ ಡ್ಯಾನ್ಸ್ ಮಾಡ್ತಾಳೆ. ತಾಯಿ ಕಾಯಿಲೆಯಲ್ಲಿ ಅಷ್ಟ್ ದೂರ ಹುಡುಕ್ಕೊಂಡು ಹೋಗ್ತಾಳೆ, ಒಂದೇ ಒಂದ್ ಸಲ ನೋಡಿ ತಬ್ಕೊಂಡು ವಾಪಸ್ ಹೋಗ್ತೀನಿ ಅಂತ. ಅಷ್ಟರಲ್ಲಿ ಮಗಳ ಗೆಳತಿ ರೂಮಿಗೆ ಬರ್ತಾಳೆ. ತಾಯಿ ತಕ್ಷಣ, ಕೇಳದೇನೇ, ನಾನು ಇವ್ರನ್ನ ಚಿಕ್ಕಂದಿನಲ್ಲಿ ನೋಡ್ಕೋತಿದ್ದೆ ಅಂತ ಹೇಳ್ಬಿಡ್ತಾಳೆ. ಮಗಳು ಹಾಕ್ಕೊಂಡಿರೋ ಸುಳ್ಳು ಹೆಸರಿಂದಾನೇ ಕರೀತಾಳೆ. ಆಕೆ ಹೋದ್ಮೇಲೆ ಗೆಳತಿ, ಓಹೋ ನಿಂಗೆ ಸಾಕಿದ ದಾಯಿ ಇದ್ಳಾ ಅಂತ ಕೇಳಿದ್ರೆ, ಮಗಳು ಬಾಗಿಲಿಗೆ ಒರಗಿ, ಹೂಂ, ಹುಟ್ಟಿದಾಗಿಂದ ಇದ್ಳು ಅನ್ನೋ ಥರ ಉತ್ತರ ಕೊಡ್ತಾಳೆ.

ಮರ್ಲ್ ಓಬೆರಾನ್ ಮನೇಲಿ ನಡೆದಿದ್ದೂ ಇದೇ ತಾನೆ. ಪರದೆ ಮೇಲೆ ಬರೋಕೆ ಇಪ್ಪತ್ತು ವರ್ಷ ಮೊದಲೇ.

ಆದ್ರೆ ನಂದೂ ಒಂದು ತಕರಾರು ಇದ್ದೇ ಇದೆ. 1934ರಲ್ಲಿ ಇದೇ ಕಥೆ ಬಂದಾಗ ಆ ಮಗಳ ಪಾರ್ಟ್ ಮಾಡಿದ್ದು ಫ್ರೆಡಿ ವಾಷಿಂಗ್ಟನ್, ಕಪ್ಪು ಜನಾಂಗದ ನಟಿ. ಇಪ್ಪತ್ತೈದು ವರ್ಷ ಆದ್ಮೇಲೆ ಕಾಲ ಮುಂದೆ ಹೋಗಿರ್ಬೇಕಲ್ಲ? ಸುಸಾನ್ ಕೋನರ್‌ನ ಹಾಕಿದ್ರು, ತಾಯಿ ಮೆಕ್ಸಿಕನ್ ನಟಿ, ತಂದೆ ಯುರೋಪಿಂದ ಬಂದ ಯಹೂದಿ. ಚೆನ್ನಾಗೇ ಮಾಡಿದಾಳೆ, ಆಕೆಗೂ ಮೂರ್‌ಗೂ ಇಬ್ಬರಿಗೂ ಆಸ್ಕರ್ ನಾಮಿನೇಶನ್ ಬಂತು. ಹಾಗಂತ ಸರಿ ಅನ್ನೋಕಾಗಲ್ಲ.

ಕಾಫಿತೋಟ:
ಆನ್ನಿ ಅಂತ್ಯಕ್ರಿಯೇಲಿ, ಚರ್ಚ್ ಒಳಗೆ, ಗಾಯಕಿ ಮಹಾಲಿಯಾ ಜಾಕ್ಸನ್ ಹಾಡೋದು ಬಿಟ್ರಲ್ಲ ಸಿಡುಕ ಅವ್ರೆ. ಆಕೆ ಬದುಕಿದ್ದಾಗ ಲಾನಾ ಟರ್ನರ್ ಪಾತ್ರ ಒಂದ್ ಸಲ ಕೇಳತ್ತೆ, ನಿಂಗೆ ಇಷ್ಟೊಂದು ಸ್ನೇಹಿತರು ಇದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಅಂತ. ಅದಕ್ಕೆ ಆನ್ನಿ, ನೀವು ಯಾವತ್ತೂ ಕೇಳ್ಲಿಲ್ಲ ಅಂತಾಳೆ. ಒಂದೇ ಮನೇಲಿ ಅಷ್ಟು ವರ್ಷ ಇದ್ದು! ಆ ಮೆರವಣಿಗೆ ಬಂದಾಗ ಇಡೀ ಬೀದಿ ತುಂಬಿರತ್ತೆ. ಪಿಟೀಲು ಪಿಕ್ಚರ್ ಅಂದೋರು ನೀವೇನಾ.

ಸಿಡುಕ:
ನಾನೇ. ಒಂದನ್ನ ಒಪ್ಪಿದೀನಿ, ಎಲ್ಲಾನೂ ಅಲ್ಲ.

ಲೈನ್‌ಬಜಾರ್:
ರಾಕ್ ಹಡ್ಸನ್ ಸುದ್ದೀನೂ ಇದರಾಗ ಬರ್ತದ ನೋಡ್ರಿ. ಇಡೀ ಅಮೆರಿಕದ ಹೆಣ್ಣಮಕ್ಕಳು ಇವನ್ನ ಗಂಡ ಅಂದ್ರ ಹಿಂಗಿರಬೇಕು ಅಂತ ನೋಡ್ತಿದ್ರು, ಅವ ಒಳಗ ಗಂಡಸರ್ನ ಪ್ರೀತಿ ಮಾಡೂ ಮನಷ್ಯಾ. ಆ ಮರಗಿಡದ ಪಿಕ್ಚರ್ ಬಂದ ವರ್ಷಾನ, 1955ರಾಗ, ತನ್ನ ಏಜೆಂಟನ ಸೆಕ್ರೆಟರಿನ್ನ ಲಗ್ನ ಆದ, ಮೂರ ವರ್ಷಕ್ಕ ಬಿಟ್ಟಿತು. 1985ರಾಗ ಏಡ್ಸ್ ಆಗೇದ ಅಂತ ಸುದ್ದಿ ಬಂದಾಗ ಮಂದಿಗೆ ಗೊತ್ತಾತು, ಅದೇ ವರ್ಷ ತೀರಿಕೊಂಡ. ಈಗ ಆ ಪಿಕ್ಚರಿನಾಗ ಅವ, ಊರು ಏನ ಅಂತದ ಅಂತ ಯಾಕ ಅಂಜ್ತೀ ಅಂತ ಅಕಿಗೆ ಧೈರ್ಯ ಹೇಳೂದು ನೋಡಿದ್ರ ಹೊಟ್ಟ್ಯಾಗ ಕಲಸಿದಂಗ ಆಗ್ತದ.

ನಿದ್ದೆಗೆಟ್ಟವ್ಳು:
ಹಾಯ್ ಎಲ್ಲರಿಗೂ, ಇಡೀ ಥ್ರೆಡ್ ಓದ್ದೆ. ನಂಗೆ ಗೊತ್ತಿದ್ದಿದ್ದು ‘ಸ್ಲೀಪ್‌ಲೆಸ್ ಇನ್ ಸಿಯಾಟಲ್’ ಮಾತ್ರ, ಅದ್ರಲ್ಲಿ ಹೆಂಗಸ್ರೆಲ್ಲಾ ಒಂದು ಹಳೇ ಪಿಕ್ಚರ್ ನೆನೆಸ್ಕೊಂಡು ಅಳ್ತಾರಲ್ಲ, ಎಂಪೈರ್ ಸ್ಟೇಟ್ ಬಿಲ್ಡಿಂಗ್‌ದು, ಅದು ಅಷ್ಟ್ ಚೆನ್ನಾಗಿದ್ಯಾ?

ಕಪ್ಪುಬಿಳುಪು:
‘ಆನ್ ಅಫೇರ್ ಟು ರಿಮೆಂಬರ್’, 1957, ಕ್ಯಾರಿ ಗ್ರಾಂಟ್ ಮತ್ತೆ ಡೆಬೋರಾ ಕೆರ್. ಲಿಯೋ ಮೆಕ್ಯಾರಿ ತನ್ನದೇ 1939ರ ‘ಲವ್ ಅಫೇರ್’ನ ಮತ್ತೆ ಮಾಡಿದ್ದು. ಅಮೀರ್ ಖಾನ್ ‘ಮನ್’ ನೋಡಿದ್ರೆ ಕಥೆ ಗೊತ್ತಿರತ್ತೆ ನಿಮ್ಗೆ. ನಡುವೆ ಮಕ್ಕಳ ಹಾಡು ಬರತ್ತೆ, ಆಗ ಕಾಫಿ ಮಾಡ್ಕೊಂಡು ಬನ್ನಿ. ಕೊನೇ ಸೀನ್ ಮಾತ್ರ ಕದಲ್ದೇ ನೋಡಿ. ಅವನು ಅವಳ ಮನೆಗೆ ಬರ್ತಾನೆ, ಅವತ್ತು ಯಾಕೆ ಬರ್ಲಿಲ್ಲ ಅಂತ ಅವನೂ ನೇರ ಕೇಳಲ್ಲ, ಇವಳೂ ಹೇಳಲ್ಲ. ಬರದೇ ಇದ್ದೋನು ತಾನೇ ಅನ್ನೋ ಹಾಗೆ ಉಲ್ಟಾ ಮಾತಾಡ್ತಾನೆ, ಇವಳೂ ಅದಕ್ಕೆ ತಾಳ ಹಾಕ್ತಾಳೆ. ಇಡೀ ಸೀನ್ ಅವಳು ಸೋಫಾದಿಂದ ಏಳಲ್ಲ, ಕಾಲ ಮೇಲೆ ಹೊದಿಕೆ. ಅಜ್ಜಿ ಕೊಟ್ಟ ಶಾಲು ಕೊಟ್ಟು ಹೊರಡೋಕೆ ಬಾಗಿಲ ಹತ್ರ ಹೋದೋನು, ತಾನು ಬರೆದ ಚಿತ್ರಾನ ಯಾರೋ ನಡೆಯೋಕಾಗದ ಹೆಂಗಸಿಗೆ ಕೊಟ್ರಂತೆ ಅಂತ ಹೇಳ್ತಾ ಹೇಳ್ತಾ ನಿಂತ್ಬಿಡ್ತಾನೆ. ಒಳಗಿನ ರೂಮ್ ಬಾಗಿಲು ತೆಗೀತಾನೆ. ಚಿತ್ರ ಕನ್ನಡೀಲಿ ಕಾಣತ್ತೆ. ಗ್ರಾಂಟ್ ಅಲ್ಲಿ ಕಣ್ಣು ಮುಚ್ತಾನೆ, ಅಷ್ಟೇ ಅಭಿನಯ.

ಬಂಗುಡೆ ಫ್ರೈ:
1939ರದ್ದು ಇದಕ್ಕಿಂತ ಒಳ್ಳೇದು. ಶಾರ್ಲ್ ಬೊಯೇ, ಐರೀನ್ ಡನ್. ಉದ್ದವೂ ಕಮ್ಮಿ.

ಕಪ್ಪುಬಿಳುಪು:
ಒಪ್ಪಲ್ಲ. ಗ್ರಾಂಟ್ ಇರೋ ಕಡೆ ಬೊಯೇ ಯಾಕೆ.

ಕಾಫಿತೋಟ:
‘ಮನ್’ ಅಂದಿದ್ದಕ್ಕೆ ನೆನಪಾಯ್ತು, ರಾಜೇಶ್ ಖನ್ನಾ ‘ಆರಾಧನಾ’ ಕೂಡ ‘ಟು ಈಚ್ ಹಿಸ್ ಓನ್’ (1946) ಇಂದ ಬಂದಿದ್ದು. ಅದಕ್ಕೇ ಒಲಿವಿಯಾ ಡಿ ಹ್ಯಾವಿಲ್ಯಾಂಡ್‌ಗೆ ಮೊದಲ್ನೇ ಆಸ್ಕರ್. ಆಕೆ ವಾರ್ನರ್ ಕಂಪನಿ ಮೇಲೆ ಕೇಸ್ ಹಾಕಿ, ಏಳು ವರ್ಷಕ್ಕಿಂತ ಹೆಚ್ಚು ಯಾವ ನಟರನ್ನೂ ಕಾಂಟ್ರಾಕ್ಟ್‌ನಲ್ಲಿ ಕಟ್ಟಿಹಾಕೋ ಹಾಗಿಲ್ಲ ಅಂತ ಗೆದ್ದೋರು. ಪರದೆ ಮೇಲೆ ತ್ಯಾಗಮಯಿ ತಾಯಿ, ಕೋರ್ಟಲ್ಲಿ ಒಂದಿಂಚೂ ಬಿಡ್ಲಿಲ್ಲ. 104 ವರ್ಷ ಬದುಕಿದ್ರು. ಕಟಕಟೆ ಅವ್ರು ಇದನ್ನ ಹೇಳ್ಬೇಕಿತ್ತು.

ಕಟಕಟೆ:
ಫೀಸ್ ಕೊಟ್ರೆ ಹೇಳ್ತಿದ್ದೆ.

ನಿದ್ದೆಗೆಟ್ಟವ್ಳು:
ಸರಿ, ಒಂದೇ ಒಂದು ಶುರು ಮಾಡ್ಬೇಕು ಅಂದ್ರೆ ಯಾವ್ದು? ನಂಗೆ ಕಪ್ಪು ಬಿಳುಪು ಅಂದ್ರೆ ಸ್ವಲ್ಪ ನಿದ್ದೆ ಬರತ್ತೆ, ಬೈಬೇಡಿ ಪ್ಲೀಸ್. ಕಲರ್ ಮಾಡಿರೋದು ಇದ್ಯಂತಲ್ಲ ‘ಕಾಸಾಬ್ಲಾಂಕಾ’?

ಲೈಟ್‌ಬಾಯ್:
ಬೇಡ ಬೇಡ ಬೇಡ. ಟೆಡ್ ಟರ್ನರ್ ಅನ್ನೋ ಟೀವಿ ಚಾನೆಲ್ ಮಾಲೀಕ 80ರ ದಶಕದಲ್ಲಿ ಆ ಕಿತಾಪತಿ ಮಾಡ್ಸಿದ್ದು, ಎಲ್ಲರ ಮುಖಕ್ಕೂ ಗಂಧ ಬಳಿದಂಗೆ ಇರತ್ತೆ, ಅಷ್ಟು ಕಷ್ಟಪಟ್ಟು ಹಾಕಿದ ನೆರಳೆಲ್ಲಾ ಹಾಳು. ಬಣ್ಣಾನೇ ಬೇಕು ಅಂದ್ರೆ ಸರ್ಕ್‌ದು ನೋಡಮ್ಮ, ‘ಆಲ್ ದಟ್ ಹೆವನ್ ಅಲೌಸ್’, ಒಂದೂವರೆ ಗಂಟೆ ಅಷ್ಟೆ. ನೋಡೋಕೆ ಮುಂಚೆ ಟೀವಿಯಲ್ಲಿ ಚಲನೇನ ಅತಿಯಾಗಿ ನುಣುಪು ಮಾಡೋ ಮೋಷನ್ ಸ್ಮೂದಿಂಗ್ ಆಫ್ ಮಾಡ್ಕೋ, ಇಲ್ಲಾಂದ್ರೆ ರಾಕ್ ಹಡ್ಸನ್ ಸೀರಿಯಲ್ ಹೀರೋ ಥರ ಕಾಣ್ತಾನೆ.

ನಿದ್ದೆಗೆಟ್ಟವ್ಳು:
ಅದೆಲ್ಲಿರತ್ತೆ ಸರ್?

ಲೈಟ್‌ಬಾಯ್:
ಪಿಕ್ಚರ್ ಸೆಟ್ಟಿಂಗ್ಸ್ ಒಳಗೆ. ಕಂಪನಿ ಕಂಪನಿಗೂ ಹೆಸರು ಬೇರೆ ಬೇರೆ ಇಟ್ಟಿರ್ತಾರೆ, ಸಿಗ್ಲಿಲ್ಲ ಅಂದ್ರೆ ಸಿನಿಮಾ ಮೋಡ್ ಅಂತ ಇರೋದನ್ನ ಒತ್ತು. ಟೀವಿ ಯಾವ್ದು ಅಂತ ಹೇಳು, ಹುಡುಕಿ ಹೇಳ್ತೀನಿ.